ಒಹಾಯೋ ಮನೆಯ ಫೈರ್‌ಪ್ಲೇಸ್: ಟೈಲ್ಸ್ ಬದಲಿಸಲು ಹೊರಟಾಗ ಕೆಳಗೆ ಕಂಡದ್ದು

ಕ್ಲೀವ್‌ಲ್ಯಾಂಡ್ ಹೊರವಲಯದ ಒಂದು ಮನೆ. 1958ರಲ್ಲಿ ಕಟ್ಟಿದ್ದು. ಒಂದೇ ಅಂತಸ್ತು, ಕೆಳಗೆ ಪೂರ್ತಿ ಬೇಸ್‌ಮೆಂಟ್. ಹಾಲ್‌ನಲ್ಲಿ ಸೌದೆ ಉರಿಸುವ ಇಟ್ಟಿಗೆಯ ಫೈರ್‌ಪ್ಲೇಸ್ ಇದೆ. ಅದರ ಎದುರಿಗೆ, ಮರದ ನೆಲದ ಮಟ್ಟದಲ್ಲೇ, 52 ಇಂಚು ಅಗಲ 16 ಇಂಚು ಆಳದ ಟೈಲ್ಸ್ ಹಾಸು. ಇಲ್ಲಿಯವರು ಅದಕ್ಕೆ ಹಾರ್ತ್ ಅಂತಾರೆ. ಮನೆ ಕೊಂಡವರು ನನ್ನ ಸ್ನೇಹಿತ ದಂಪತಿ. ಅವನು ತೀರ್ಥಹಳ್ಳಿ ಕಡೆಯವನು, ಅವಳು ಮೈಸೂರಿನವಳು. ನಾನು ಸಿವಿಲ್ ಇಂಜಿನಿಯರ್, ಟೈಲ್ಸ್ ಕೆಲಸ ನನ್ನ ಕೈಯಾರೆ ಮಾಡೋದು ನನಗೆ ಇಷ್ಟ. ಹಾಗಾಗಿ ಕರೆದರು.

ದೂರು ಸರಳವಾಗಿತ್ತು. ಟೈಲ್ಸ್ ಬಿರುಕು ಬಿಟ್ಟಿವೆ, ನೋಡೋಕೆ ಚೆನ್ನಾಗಿಲ್ಲ. ಅಂಗಡಿಗೆ ಹೋಗಿ ಮಾರ್ಬಲ್ ತರಹ ಹೊಳೆಯುವ ದೊಡ್ಡ ಟೈಲ್ಸ್ ನೋಡಿಟ್ಟು ಬಂದಿದ್ದರು.

"ಹಳೇದರ ಮೇಲೇ ಅಂಟಿಸಿಬಿಡೋಣ ಅಣ್ಣ. ಎರಡು ಬಾಕ್ಸ್ ಸಾಕಲ್ವಾ? ಥ್ಯಾಂಕ್ಸ್‌ಗಿವಿಂಗ್ ಒಳಗೆ ಮುಗಿದುಹೋಗುತ್ತೆ" ಅಂದಳು ಅವಳು. ನವೆಂಬರ್ ಕೊನೆಗೆ ಬರುವ ಇಲ್ಲಿನ ಹಬ್ಬ ಅದು.

ಅಂಗಡಿಗಳಲ್ಲೂ ವಿಡಿಯೋಗಳಲ್ಲೂ ಈ ಕೆಲಸವನ್ನು ಹೀಗೇ ತೋರಿಸುತ್ತಾರೆ. ಹಳೇದು ಕಾಣುತ್ತೆ, ಹೊಸದು ಬರುತ್ತೆ, ಬೆಂಕಿ ಹಚ್ಚಿ ಫೋಟೋ ತೆಗೆಯುತ್ತಾರೆ. ಆದರೆ ಹಾರ್ತ್ ಅಲಂಕಾರಕ್ಕೆ ಹಾಸಿದ ಜಾಗ ಅಲ್ಲ. ನಮ್ಮೂರಿನ ಮನೆಗಳಲ್ಲಿ ನೆಲ ಕಲ್ಲಿನದು, ಕಾಂಕ್ರೀಟಿನದು, ಇಲ್ಲಾ ಮಣ್ಣಿನದು. ಒಲೆಯಿಂದ ಕೆಂಡ ಉರುಳಿದರೆ ಕಾಲಲ್ಲಿ ಒಳಗೆ ತಳ್ಳಿ ಸುಮ್ಮನಾಗುತ್ತೇವೆ. ಅಮೆರಿಕದ ಮನೆ ಹಾಗಲ್ಲ. ನೆಲದ ಹಲಗೆ ಮರ, ಅದರ ಕೆಳಗಿನ ಹಲಗೆ ಮರ, ಅದನ್ನು ಹೊತ್ತ ತೊಲೆಗಳೂ ಮರ. ಆ ಮರದ ಮನೆಗೂ ಒಲೆಗೂ ಮಧ್ಯೆ ಇರುವ ತಡೆಯೇ ಈ 16 ಇಂಚಿನ ಪಟ್ಟಿ. ಅದರ ಮೇಲ್ಮೈ ಬದಲಿಸುವ ಮುಂಚೆ ಅದು ತನ್ನ ಕೆಲಸ ಮಾಡುತ್ತಿದೆಯಾ ಅಂತ ನೋಡಲೇಬೇಕು. ಹಾಗೆ ಹೇಳಿದೆ, ಅವರೂ ಒಪ್ಪಿದರು.

ಮೇಲಿನಿಂದ ನೋಡಿದ್ದು

ಮೊದಲು ಬಿರುಕಿನ ಜಾಡು ಹಿಡಿದೆ. ಎಲ್ಲೆಂದರಲ್ಲಿ ಒಡೆದಿದ್ದರೆ ಯಾರೋ ಸೌದೆ ಬೀಳಿಸಿರಬಹುದು ಅನ್ನಬಹುದಿತ್ತು. ಇಲ್ಲಿ ಬಿರುಕು ಒಲೆಯ ಬಾಯಿಗೆ ಸಮಾನಾಂತರವಾಗಿ, ಸುಮಾರು ಒಂದು ಇಂಚು ದೂರದಲ್ಲಿ, ಈ ತುದಿಯಿಂದ ಆ ತುದಿಗೆ ಗೆರೆ ಎಳೆದ ಹಾಗೆ ಓಡಿತ್ತು. ಇಷ್ಟು ನೇರವಾದ ಬಿರುಕು ಕಂಡರೆ ಕೆಳಗೆ ಎರಡು ಬೇರೆ ಬೇರೆ ವಸ್ತು ಸೇರುವ ಸಂದು ಇದೆ ಅಂತಲೇ ಅರ್ಥ. ಒಲೆಯ ಒಳನೆಲದ ಇಟ್ಟಿಗೆ ಒಂದು, ಹೊರಗಿನ ಕಾಂಕ್ರೀಟ್ ಸ್ಲ್ಯಾಬ್ ಇನ್ನೊಂದು. ಬೆಂಕಿ ಹೊತ್ತಿದಾಗ ಒಳಗಿನದು ಬೇಗ ಬಿಸಿಯಾಗಿ ಹಿಗ್ಗುತ್ತೆ, ಹೊರಗಿನದು ನಿಧಾನ. ಎರಡರ ಮೇಲೂ ಕಾಲಿಟ್ಟು ಕೂತ ಟೈಲ್ ಆ ಎಳೆತ ತಾಳೋದಿಲ್ಲ.

ಆಮೇಲೆ ಕಾಯಿನ್ ಹಿಡಿದು ಒಂದೊಂದೇ ಟೈಲ್ ಬಡಿದು ನೋಡಿದೆ. ಗಟ್ಟಿಯಾಗಿ ಕೂತ ಟೈಲ್ 'ಟಕ್' ಅನ್ನುತ್ತೆ. ಬಿಟ್ಟುಕೊಂಡಿದ್ದು 'ಡಬ್' ಅನ್ನುತ್ತೆ. ಒಲೆ ಹತ್ತಿರದ ಸಾಲು ಪೂರ್ತಿ ಡಬ್ ಡಬ್. ಹೊರಗಿನ ಸಾಲು ಅಷ್ಟು ಕೆಟ್ಟಿರಲಿಲ್ಲ. ಒಂದು ಸಡಿಲ ಚೂರನ್ನು ಎತ್ತಿ ನೋಡಿದರೆ ಕೆಳಗೆ ಸಿಮೆಂಟ್ ಇಲ್ಲ, ಹಳದಿ ಬಣ್ಣದ ಗೋಂದು. ಮ್ಯಾಸ್ಟಿಕ್ ಅಂತ ಡಬ್ಬಿಯಲ್ಲಿ ರೆಡಿಯಾಗಿ ಸಿಗುತ್ತಲ್ಲ, ಅದು. ಬಚ್ಚಲು, ಅಡುಗೆಮನೆಯ ಗೋಡೆ ಟೈಲ್ಸ್‌ಗೆ ಅದು ನಡೆಯುತ್ತೆ. ಬಿಸಿ ತಗಲುವ ಜಾಗಕ್ಕೆ ಸರಿಯಾದ ವಸ್ತು ಅಲ್ಲವೇ ಅಲ್ಲ, ಬಿಸಿಗೆ ಮೆತ್ತಗಾಗಿ ಹಿಡಿತ ಬಿಡುತ್ತೆ. ಆ ಗೋಂದಿನ ಕೆಳಗೆ ಇನ್ನೊಂದು ಪದರ ಟೈಲ್ಸ್ ಇತ್ತು. ಅಂದರೆ ಹಿಂದಿನ ಯಾರೋ ಮಾಲೀಕರು ನಾವು ಈಗ ಮಾಡಬೇಕೆಂದಿದ್ದನ್ನೇ ಮಾಡಿದ್ದರು, ಹಳೇದರ ಮೇಲೆ ಹೊಸದು.

ಇಲ್ಲಿಗೆ ನಿಲ್ಲಿಸಿ, ಸುತ್ತಿಗೆ ಕೆಳಗಿಟ್ಟೆವು. 1958ರ ಮನೆ. ಆ ಕಾಲದ ನೆಲದ ಗೋಂದುಗಳಲ್ಲಿ, ವಿನೈಲ್ ಟೈಲ್ಸ್‌ಗಳಲ್ಲಿ ಶ್ವಾಸಕೋಶಕ್ಕೆ ಅಪಾಯ ತರುವ ಆಸ್ಬೆಸ್ಟಾಸ್ ನಾರು ಇರೋದು ಸಾಮಾನ್ಯ. 1978ಕ್ಕೆ ಮುಂಚಿನ ಮನೆಯಾದರೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯೂ ಇದೆ, ಹಳೆ ಟೈಲ್ಸ್‌ನ ಹೊಳಪಿನಲ್ಲೂ ಇರಬಹುದು. ಇವರ ಮನೆಯಲ್ಲಿ ಅಂಬೆಗಾಲಿಡುವ ಮಗು ಬೇರೆ ಇದೆ. ಜಾಗ ಒದ್ದೆ ಮಾಡಿ, ಎರಡು ಪದರದ್ದೂ ಹೆಬ್ಬೆರಳ ಗಾತ್ರದ ಚೂರು ತೆಗೆದು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಪ್ರಯೋಗಾಲಯಕ್ಕೆ ಕಳಿಸಿದೆವು. ಗೋಂದಿನಲ್ಲೂ ಟೈಲ್ಸ್‌ನಲ್ಲೂ ತೊಂದರೆ ಇರಲಿಲ್ಲ. ಫೈರ್‌ಪ್ಲೇಸ್ ಮೇಲಿನ ಮರದ ಮ್ಯಾಂಟಲ್, ಅಂದರೆ ಶೆಲ್ಫಿನಂಥ ಹಲಗೆ, ಅದರ ಬಣ್ಣದಲ್ಲಿ ಸೀಸ ಇದೆ ಅಂತ ಬಂತು. ಅದನ್ನು ಉಜ್ಜುವುದು, ಕೆರೆಯುವುದು ಬೇಡ ಅಂತ ಹಾಗೇ ಬಿಟ್ಟು, ಕೆಲಸ ಮುಗಿಯುವ ತನಕ ಪ್ಲಾಸ್ಟಿಕ್ ಹೊದಿಸಿದೆವು.

ಕೆಳಗಿನಿಂದ ನೋಡಿದ್ದು

ಇಡೀ ಪ್ರಕರಣದ ಮುಖ್ಯ ಭಾಗ ಇದು. ಬೇಸ್‌ಮೆಂಟ್‌ಗೆ ಇಳಿದು, ಹಾರ್ತ್‌ನ ನೇರ ಕೆಳಗೆ ನಿಂತು, ಟಾರ್ಚ್ ಹಿಡಿದು ಮೇಲೆ ನೋಡಿದೆವು. ಸ್ಲ್ಯಾಬ್ ಕಾಣಬೇಕಿದ್ದ ಜಾಗದಲ್ಲಿ ಮರದ ಹಲಗೆ ಕಾಣಿಸಿತು. 1958ರಲ್ಲಿ ಕಾಂಕ್ರೀಟ್ ಸುರಿಯುವಾಗ ಕೆಳಗೆ ಹೊಡೆದ ಸೆಂಟ್ರಿಂಗ್ ಹಲಗೆ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಬಿಚ್ಚಬೇಕಿತ್ತು. ಯಾರೂ ಬಿಚ್ಚಿರಲಿಲ್ಲ.

ಸ್ನೇಹಿತನ ಅಮ್ಮ ಆಗ ಊರಿಂದ ಬಂದಿದ್ದರು. ಅವರೂ ನಮ್ಮ ಹಿಂದೆ ಮೆಟ್ಟಿಲಿಳಿದು ಬಂದು ತಲೆಯೆತ್ತಿ ನೋಡಿದರು. ಮಲೆನಾಡಿನ ಮನೆಯಲ್ಲಿ ದಿನಾ ಬಚ್ಚಲೊಲೆ ಉರಿಸಿ ಹಂಡೆ ನೀರು ಕಾಯಿಸಿದವರು ಅವರು.

"ಒಲೆ ಅಡಿಗೆ ಯಾರಾದ್ರೂ ಮರ ಇಡ್ತಾರಾ ಮಾರಾಯ?" ಅಂದರು.

"ಇಡಬಾರದು ಅಮ್ಮ. ಕಟ್ಟಿದವರು ತೆಗೆಯದೆ ಬಿಟ್ಟು ಹೋಗಿದ್ದಾರೆ."

"ಮತ್ತೆ ಇಷ್ಟು ವರ್ಷ ಇವರೆಲ್ಲ ಇದರ ಮೇಲೇ ಬೆಂಕಿ ಹಾಕಿದ್ರಾ?"

ಹೌದು, ಹಾಕಿದ್ದರು. ಇಲ್ಲಿನ ಕಟ್ಟಡ ನಿಯಮದಲ್ಲೂ ಅಮ್ಮ ಹೇಳಿದ್ದೇ ಇದೆ: ಹಾರ್ತ್‌ನ ತಳಕ್ಕೆ ತಾಗಿದಂತೆ ಉರಿಯುವ ವಸ್ತು ಏನೂ ಉಳಿದಿರಬಾರದು. ಆದರೂ ಹಳೆ ಮನೆಗಳಲ್ಲಿ ಇದು ಆಗಾಗ ಸಿಗುತ್ತೆ. ಟೈಲ್ಸ್ ಮೇಲಿನಿಂದಲೇ ಬದಲಿಸುವವರಿಗೆ ಕಾಣುವುದಿಲ್ಲ, ಯಾಕೆಂದರೆ ಅವರು ಕೆಳಗೆ ಇಳಿಯುವುದೇ ಇಲ್ಲ.

ಹಲಗೆಯ ಬಣ್ಣ ಹತ್ತಿರದಿಂದ ನೋಡಿದೆ. ಅಂಚಿನಲ್ಲಿ ಹಳೆ ಪೈನ್ ಮರದ ಜೇನು ಬಣ್ಣ. ಒಲೆಯ ಬಾಯಿಯ ನೇರಕ್ಕೆ ಬಂದ ಹಾಗೆ ಕಂದು, ಆಮೇಲೆ ಅಂಗೈ ಅಗಲದ ಜಾಗ ಗಾಢ ಕಂದು. ಅಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಮರ ತಡೆಯಲಿಲ್ಲ, ಒಣ ಚಕ್ಕೆಗಳಾಗಿ ಉದುರಿ ಕೈ ಮೇಲೆ ಬಿತ್ತು. ಬೆಂಕಿ ಹೊತ್ತಿ ಸುಟ್ಟಿದ್ದಲ್ಲ ಅದು. ವರ್ಷಾನುಗಟ್ಟಲೆ ಬಿಸಿ ತಾಗಿ ತಾಗಿ ಒಳಗೇ ಬೆಂದಿದ್ದು. ಮರ ಸಾಮಾನ್ಯವಾಗಿ ಹೊತ್ತಿಕೊಳ್ಳಲು 250 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿ ಬೇಕು. ಆದರೆ ಹೀಗೆ ದೀರ್ಘಕಾಲ ಬೆಂದ ಮರಕ್ಕೆ ಅಷ್ಟು ಬೇಡ, ಅದಕ್ಕಿಂತ ಎಷ್ಟೋ ಕಡಿಮೆ ಬಿಸಿಯಲ್ಲೇ ಅಪಾಯ ಶುರುವಾಗುತ್ತೆ. ಮೇಲೆ ಒಳನೆಲಕ್ಕೂ ಸ್ಲ್ಯಾಬಿಗೂ ನಡುವಿನ ಸಂದಿನಲ್ಲಿ ಗಾರೆ ಉದುರಿಹೋಗಿತ್ತು. ಅದರೊಳಗೆ ಒಂದು ತೆಳು ತಂತಿ ಬಿಟ್ಟೆವು. ಅದು ಸೀದಾ ಈ ಕಪ್ಪಾದ ಜಾಗದ ಹತ್ತಿರ ಬಂದು ಹಲಗೆಗೆ ತಾಗಿತು. ಒಂದು ಕಿಡಿ ಆ ದಾರಿ ಹಿಡಿದಿದ್ದರೆ ಅನ್ನೋದನ್ನು ಯೋಚಿಸಿದರೆ ಈಗಲೂ ಮೈ ಜುಮ್ ಅನ್ನುತ್ತೆ.

ಅವತ್ತಿನಿಂದ ಕೆಲಸ ಮುಗಿಯುವ ತನಕ ಬೆಂಕಿ ಹಾಕಬಾರದು ಅಂತ ತೀರ್ಮಾನವಾಯಿತು. ಮಾರ್ಬಲ್ ಟೈಲ್ಸ್ ಮಾತೂ ಅಲ್ಲಿಗೆ ನಿಂತಿತು.

ಅಳತೆಯ ಪ್ರಶ್ನೆ

ಚಿಮಣಿ ಪರೀಕ್ಷಿಸುವವರನ್ನು ಕರೆಸಿ ಕ್ಯಾಮೆರಾ ಇಳಿಸಿ ನೋಡಿಸಿದೆವು. ಇಲ್ಲಿ ಚಿಮಣಿ ತಪಾಸಣೆಯಲ್ಲಿ ಮೂರು ಹಂತ. ಮನೆ ಕೈ ಬದಲಾದಾಗ ಮಾಡಿಸಬೇಕಾದ್ದು ಎರಡನೇ ಹಂತ, ಕ್ಯಾಮೆರಾ ಇಳಿಸುವುದು ಅದರಲ್ಲೇ. ಒಳಗಿನ ಮಣ್ಣಿನ ಕೊಳವೆ ಚೆನ್ನಾಗಿತ್ತು, ಮಸಿ ಕಟ್ಟಿದ್ದನ್ನು ಗುಡಿಸಿದರು. ಹೋಗುವ ಮುಂಚೆ ಆ ಮನುಷ್ಯ ಟೇಪ್ ಹಿಡಿದು ಒಲೆಯ ಬಾಯಿ ಅಳೆದು, ಹಾರ್ತ್ ಅಳೆದು, ಇದು ಈಗಿನ ನಿಯಮಕ್ಕೆ ಸಾಲೋದಿಲ್ಲ ಅಂದರು.

ನಿಯಮ ಹೀಗಿದೆ. ಒಲೆಯ ಬಾಯಿ 6 ಚದರ ಅಡಿಗಿಂತ ಕಡಿಮೆ ಇದ್ದರೆ ಹಾರ್ತ್ ಮುಂದಕ್ಕೆ 16 ಇಂಚು, ಎರಡೂ ಪಕ್ಕಕ್ಕೆ 8 ಇಂಚು ಚಾಚಿರಬೇಕು. 6 ಚದರ ಅಡಿ ಅಥವಾ ಅದಕ್ಕಿಂತ ದೊಡ್ಡದಾದರೆ ಮುಂದಕ್ಕೆ 20, ಪಕ್ಕಕ್ಕೆ 12. ಈ ಒಲೆಯ ಬಾಯಿ 36 ಇಂಚು ಅಗಲ, 28 ಇಂಚು ಎತ್ತರ. ಗುಣಿಸಿದರೆ 1008 ಚದರ ಇಂಚು, ಅಂದರೆ ಸರಿಯಾಗಿ 7 ಚದರ ಅಡಿ. ಹಾರ್ತ್ ಇದ್ದದ್ದು 16 ಮತ್ತು 8. ಮೂರೂ ಕಡೆ 4 ಇಂಚು ಕಡಿಮೆ.

"ನಾಲ್ಕು ಇಂಚು ತಾನೆ? ಆ ಕಡೆ ಮರದ ನೆಲ ಕೊಯ್ದು ಟೈಲ್ಸ್ ಮುಂದುವರಿಸಿದರೆ ಆಯ್ತಲ್ಲ" ಅಂದ ಸ್ನೇಹಿತ. ಕೇಳೋಕೆ ಸರಿಯಾಗೇ ಇದೆ. ತುಂಬ ಜನ ಮಾಡುವುದೂ ಇದನ್ನೇ. ಆದರೆ ಪ್ಲೈವುಡ್ ಮೇಲೆ ಟೈಲ್ ಅಂಟಿಸಿದ ಮಾತ್ರಕ್ಕೆ ಅದು ಹಾರ್ತ್ ಆಗೋದಿಲ್ಲ. ಟೈಲ್ ಉರಿಯುವುದಿಲ್ಲ ನಿಜ, ಆದರೆ ಬಿಸಿಯನ್ನು ಕೆಳಕ್ಕೆ ಬಿಡುತ್ತೆ. ಅದಕ್ಕೇ ಹಾರ್ತ್‌ನ ಚಾಚು ಕನಿಷ್ಠ 2 ಇಂಚು ದಪ್ಪ ಇರಬೇಕು, ಅದನ್ನು ಹೊರುವುದೂ ಉರಿಯದ ವಸ್ತುವೇ ಆಗಿರಬೇಕು ಅಂತ ಇರುವುದು. ಒಲೆಯ ತಳ ಹಾರ್ತ್‌ಗಿಂತ ಕನಿಷ್ಠ 8 ಇಂಚು ಎತ್ತರದಲ್ಲಿದ್ದರೆ ಮಾತ್ರ ವಿನಾಯಿತಿ, ಆಗ ಇಂಚಿನ ಎಂಟನೇ ಮೂರು ಭಾಗ ದಪ್ಪ ಸಾಕು. ಇಲ್ಲಿ ಒಲೆ ನೆಲಮಟ್ಟದಲ್ಲೇ ಇದೆ.

ಹಾಗಾದರೆ ಸ್ಲ್ಯಾಬನ್ನೇ 4 ಇಂಚು ಬೆಳೆಸಬೇಕು. ಅದಕ್ಕೆ ಹಾರ್ತ್ ಸುತ್ತ ಇರುವ ಮರದ ತೊಲೆಗಳನ್ನು ಕತ್ತರಿಸಿ ಹೊಸ ಚೌಕಟ್ಟು ಕಟ್ಟಬೇಕು. ಆಗದ ಕೆಲಸವಲ್ಲ. ಆದರೆ ಖರ್ಚು ಜಾಸ್ತಿ, ಹಾಲ್ ಪೂರ್ತಿ ಅಗೆಯಬೇಕು. ಗ್ಯಾಸ್ ಇನ್ಸರ್ಟ್, ಅಂದರೆ ಫೈರ್‌ಪ್ಲೇಸ್ ಒಳಗೇ ಹೊಂದುವ ಗ್ಯಾಸ್ ಒಲೆ ಕೂರಿಸುವುದು ಇನ್ನೊಂದು ದಾರಿ. ಸೌದೆ ಬೆಂಕಿಯ ಆಸೆಗೇ ಈ ಮನೆ ಕೊಂಡವರಿಗೆ ಅದು ಬೇಡವಾಗಿತ್ತು. ಏನೂ ಮಾಡದೆ, ಕಟ್ಟಿದ ಕಾಲದ ನಿಯಮದಂತೆ ಇದೆ ಅಂತ ಬಿಡುವ ಅವಕಾಶವೂ ಸಾಮಾನ್ಯವಾಗಿ ಇರುತ್ತೆ. ಆದರೆ ಆ ಕಪ್ಪಾದ ಹಲಗೆ ನೋಡಿದ ಮೇಲೆ ಯಾರಿಗೂ ಹಾಗೆ ಬಿಡಲು ಮನಸ್ಸಾಗಲಿಲ್ಲ.

ದಾರಿ ತೋರಿಸಿದ್ದು ಚಿಮಣಿಯವರೇ. ಹಾರ್ತ್ ದೊಡ್ಡದು ಮಾಡುವ ಬದಲು ಒಲೆಯ ಬಾಯಿ ಚಿಕ್ಕದು ಮಾಡಿ ಅಂದರು. ಒಳನೆಲದ ಮೇಲೆ ಫೈರ್‌ಬ್ರಿಕ್ ಅನ್ನುವ ಬೆಂಕಿ ತಾಳುವ ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ಒಂದು ಪದರ ಕಟ್ಟಿದರೆ ನೆಲ ನಾಲ್ಕೂವರೆ ಇಂಚು ಏರುತ್ತೆ. ಬಾಯಿಯ ಎತ್ತರ 23.5 ಇಂಚಿಗೆ ಇಳಿಯುತ್ತೆ. 36ರಿಂದ ಗುಣಿಸಿದರೆ 846 ಚದರ ಇಂಚು, 5.9 ಚದರ ಅಡಿಯ ಒಳಗೇ. ಇಟ್ಟಿಗೆಯನ್ನು ಅಂಗಾತ ಹಾಸಿದ್ದರೆ ಎರಡೂವರೆ ಇಂಚು ಮಾತ್ರ ಏರಿ, ಬಾಯಿ 6 ಚದರ ಅಡಿಗಿಂತ ಮೇಲೆಯೇ ಉಳಿಯುತ್ತಿತ್ತು. ಮಗ್ಗುಲಾಗಿ ಇಟ್ಟರೆ ಮಾತ್ರ ಲೆಕ್ಕ ಕೂಡುತ್ತೆ.

ಇದರಿಂದ ಇನ್ನೊಂದು ಲಾಭ. ಅಮ್ಮ ಬಂದಾಗಿನಿಂದ ಒಂದೇ ದೂರು, ಬೆಂಕಿ ಹಾಕಿದರೆ ಹಾಲ್ ಎಲ್ಲ ಹೊಗೆ ವಾಸನೆ ಅಂತ. ಈ ಬಗೆಯ ಚೌಕ ಚಿಮಣಿಗೆ ಒಳ ವಿಸ್ತೀರ್ಣ ಒಲೆಯ ಬಾಯಿಯ ಹತ್ತನೇ ಒಂದು ಭಾಗವಾದರೂ ಇರಬೇಕು. ಇವರ ಚಿಮಣಿ ಸುಮಾರು 90 ಚದರ ಇಂಚು. 1008ಕ್ಕೆ 101 ಬೇಕು, ಸಾಲದು. 846ಕ್ಕೆ 85 ಸಾಕು. ಹೊಗೆಯ ಕಾಟಕ್ಕೂ ಹಾರ್ತ್‌ನ ಕೊರತೆಗೂ ಒಂದೇ ಮದ್ದು ಸಿಕ್ಕಿತು. ನಗರದ ಕಟ್ಟಡ ಇಲಾಖೆಗೆ ನಕ್ಷೆ ಕೊಟ್ಟು ಪರ್ಮಿಟ್ ತೆಗೆದುಕೊಂಡೆವು. ಇನ್ಸ್‌ಪೆಕ್ಟರ್ ಕೇಳಿದ್ದು ಎರಡೇ: ಹಲಗೆ ಪೂರ್ತಿ ತೆಗೆಯಬೇಕು, ತೆಗೆದ ಮೇಲೆ ಮುಚ್ಚುವ ಮುಂಚೆ ತನಗೆ ತೋರಿಸಬೇಕು.

ಹಲಗೆ ಬಿಚ್ಚಿದ್ದು

ಬಿಚ್ಚುವ ಮುಂಚೆ ನನಗೆ ಒಂದು ಚಿಂತೆ ಇತ್ತು. ಅರವತ್ತು ವರ್ಷಕ್ಕೂ ಮೇಲೆ ಆ ಹಲಗೆ ಅಲ್ಲೇ ಇದೆ. ಸ್ಲ್ಯಾಬ್ ತನ್ನ ಬಲದ ಮೇಲೆ ನಿಂತಿದೆಯಾ, ಇಲ್ಲಾ ಹಲಗೆಯ ಮೇಲೆ ಕೂತಿದೆಯಾ? ಹಾರ್ತ್ ಸ್ಲ್ಯಾಬ್ ಅಂದರೆ ನಮ್ಮ ಕಿಟಕಿ ಮೇಲಿನ ಸಜ್ಜಾ ಇದ್ದ ಹಾಗೆ. ಒಂದು ಕಡೆ ಚಿಮಣಿಯ ಬುಡದಲ್ಲಿ ಸಿಕ್ಕಿಕೊಂಡು, ಇನ್ನೊಂದು ಕಡೆ ಗಾಳಿಯಲ್ಲಿ ಚಾಚಿರುತ್ತೆ. ಸಜ್ಜಾದಲ್ಲಿ ಕಂಬಿ ಮೇಲ್ಭಾಗದಲ್ಲಿ ಇರಬೇಕು, ಕೆಳಗಿದ್ದರೆ ಬೀಳುತ್ತೆ. ಇದು ನಮ್ಮ ಮೇಸ್ತ್ರಿಗಳಿಗೆ ಬಾಯಿಪಾಠ. ಕಂಬಿ ಹುಡುಕುವ ಸ್ಕ್ಯಾನರ್ ಬಾಡಿಗೆಗೆ ತಂದು, ಮೇಲಿನ ಟೈಲ್ಸ್ ಕಿತ್ತ ಮೇಲೆ ಸ್ಲ್ಯಾಬ್ ಮೇಲೆ ಓಡಿಸಿದೆ. ಕಂಬಿಗಳು ಇದ್ದವು, ಮೇಲ್ಮೈಯಿಂದ ಒಂದು ಇಂಚಿನ ಆಸುಪಾಸಿನಲ್ಲೇ, ಒಲೆಯ ಕಡೆಯಿಂದ ಹೊರಕ್ಕೆ ಓಡುತ್ತಿದ್ದವು. ಕಟ್ಟಿದವರು ಹಲಗೆ ಬಿಟ್ಟು ಹೋಗಿದ್ದರೂ ಕಂಬಿಯನ್ನು ಸರಿಯಾದ ಜಾಗದಲ್ಲೇ ಇಟ್ಟಿದ್ದರು.

ಆದರೂ ಕೆಳಗೆ ಎರಡು ಕಬ್ಬಿಣದ ಜಾಕಿ ಕೊಟ್ಟು, ಒಂದು ತುದಿಯಿಂದ ನಿಧಾನವಾಗಿ ಹಲಗೆ ಎಬ್ಬಿದೆವು. ಸ್ಲ್ಯಾಬಿನ ಹೊರ ಅಂಚಿನ ಕೆಳಗೆ ಅಳತೆಯ ಗಡಿಯಾರ ಇಟ್ಟಿದ್ದೆ, ಕೂದಲೆಳೆಯಷ್ಟು ಇಳಿದರೂ ತೋರಿಸುವಂಥದ್ದು. ಹಲಗೆ ಪೂರ್ತಿ ಬಂದ ಮೇಲೆ, ಜಾಕಿ ಒಂದೊಂದೇ ಸುತ್ತು ಸಡಿಲಿಸಿದಾಗಲೂ ಮುಳ್ಳು ಅಲ್ಲಾಡಲಿಲ್ಲ. ಸ್ಲ್ಯಾಬಿನ ತಳದಲ್ಲಿ ಹಲಗೆಯ ಮರದ ಗೆರೆಗಳು ಅಚ್ಚು ಹೊಡೆದ ಹಾಗೆ ಮೂಡಿದ್ದವು. ದಪ್ಪ ಸರಿಯಾಗಿ 4 ಇಂಚು. ಇನ್ಸ್‌ಪೆಕ್ಟರ್ ಬಂದು ನೋಡಿ ಸಹಿ ಹಾಕಿದರು. ಆ ತಳವನ್ನು ಮತ್ತೆ ಮುಚ್ಚಲಿಲ್ಲ. ಯಾರು ಯಾವಾಗ ಬೇಕಾದರೂ ಕೆಳಗಿನಿಂದ ನೋಡುವಂತಿರಲಿ ಅಂತ.

ಒಳನೆಲದ ಕೆಲಸ ಒಲೆ ಕಟ್ಟಿ ಅನುಭವ ಇರುವ ಮೇಸ್ತ್ರಿಯದು. ಸಂದಿನಲ್ಲಿದ್ದ ಹಳೆ ಪುಡಿ ತೆಗೆದು, ಬೆಂಕಿ ತಾಳುವ ರಿಫ್ರ್ಯಾಕ್ಟರಿ ಗಾರೆಯಿಂದ ತುಂಬಿ, ಅದರ ಮೇಲೆ ಫೈರ್‌ಬ್ರಿಕ್ ಕಟ್ಟಿದರು. ಇಟ್ಟಿಗೆಗಳ ನಡುವಿನ ಸಂದು ಕಾಲು ಇಂಚು ಮೀರಬಾರದು, ಅವರ ಕೈ ಅದಕ್ಕಿಂತ ತೆಳುವಾಗಿಯೇ ಹಾಕುತ್ತಿತ್ತು. ಇದನ್ನು ಮನೆಯವರೇ ಮಾಡಬೇಡಿ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಹಾರ್ತ್ ಟೈಲ್ಸ್ ಮನೆಯವರು ಹಾಕಬಹುದು. ಬೆಂಕಿ ನೇರ ತಾಗುವ ಜಾಗ ಬೇರೆ.

ಟೈಲ್ಸ್ ಆರಿಸಿದ್ದು

ಈಗ ಟೈಲ್ಸ್ ಮಾತಿಗೆ ಬರೋಣ. ಹೊಳೆಯುವ ಮಾರ್ಬಲ್ ಬಗೆಯದು ಯಾಕೆ ಬೇಡ ಅಂದರೆ, ಈ ಜಾಗದಲ್ಲಿ ಕಬ್ಬಿಣದ ಚಿಮಟ, ಸೌದೆ, ಬೂದಿ ಬಕೆಟ್ ಓಡಾಡುತ್ತೆ. ಹೊಳಪಿನ ಮೇಲೆ ಒಂದು ಗೀರು ಬಿದ್ದರೂ ದೂರದಿಂದ ಕಾಣುತ್ತೆ. ನಿಜವಾದ ಮಾರ್ಬಲ್ ಆದರೆ ಮಸಿ ಒಳಗೇ ಇಳಿದು ಕಲೆ ಉಳಿಯುತ್ತೆ. ದೊಡ್ಡ ಟೈಲ್ ಆದರೆ ಕೆಳಗಿನ ನೆಲವೂ ತುಂಬ ಸಮತಟ್ಟಾಗಿರಬೇಕು. 15 ಇಂಚಿಗಿಂತ ಉದ್ದದ ಟೈಲ್ಸ್‌ಗೆ 10 ಅಡಿಯಲ್ಲಿ ಇಂಚಿನ ಎಂಟನೇ ಒಂದು ಭಾಗಕ್ಕಿಂತ ಜಾಸ್ತಿ ಏರುಪೇರು ಇರಬಾರದು.

ಒಹಾಯೋದಲ್ಲಿ ಕೂತು ಟೈಲ್ಸ್‌ಗೆ ದೂರ ಹೋಗಬೇಕಾಗಿಯೂ ಇಲ್ಲ. ಈ ರಾಜ್ಯದ ಮಣ್ಣಿಗೆ ಟೈಲ್ಸ್‌ನ ದೊಡ್ಡ ಇತಿಹಾಸ ಇದೆ. ಝೇನ್ಸ್‌ವಿಲ್‌ನಲ್ಲಿ 1875ರಲ್ಲಿ ಶುರುವಾದ ಅಮೆರಿಕನ್ ಎನ್‌ಕಾಸ್ಟಿಕ್ ಟೈಲಿಂಗ್ ಕಂಪನಿ ಒಂದು ಕಾಲಕ್ಕೆ ಪ್ರಪಂಚದ ಅತಿ ದೊಡ್ಡ ಟೈಲ್ಸ್ ಕಾರ್ಖಾನೆಗಳಲ್ಲಿ ಒಂದಾಗಿತ್ತು. 1930ರ ದಶಕದ ಆರ್ಥಿಕ ಕುಸಿತದಲ್ಲಿ, 1935ರಲ್ಲಿ ಮುಚ್ಚಿತು. ಸಿನ್ಸಿನಾಟಿಯಲ್ಲಿ 1880ರಲ್ಲಿ ಶುರುವಾದ ರೂಕ್‌ವುಡ್ ಪಾಟರಿಯ ಫೈರ್‌ಪ್ಲೇಸ್ ಟೈಲ್ಸ್ ಇವತ್ತಿಗೂ ಹಳೆ ಮನೆಗಳಲ್ಲಿ ನೋಡಲು ಸಿಗುತ್ತವೆ. ಕ್ಯಾಂಟನ್, ಸಮಿಟ್‌ವಿಲ್ ಕಡೆ ಕ್ವಾರಿ ಟೈಲ್ಸ್ ಮಾಡುವುದು ಪ್ರಸಿದ್ಧ. ಜೇಡಿಮಣ್ಣನ್ನು ಒತ್ತಿ ಸುಟ್ಟ, ಹೊಳಪಿಲ್ಲದ, ಅರ್ಧ ಇಂಚು ದಪ್ಪದ ಕೆಂಪು ಟೈಲ್ಸ್ ಅವು.

ಒಂದು ಸ್ಯಾಂಪಲ್ ತಂದು ನೆಲದ ಮೇಲೆ ಇಟ್ಟೆ. ಅಮ್ಮ ಅದರ ಮೇಲೆ ಅಂಗೈ ಸವರಿ, "ಇದು ನಮ್ಮ ಜಗಲಿ ಬಣ್ಣ" ಅಂದರು. ಅವರ ಮನೆಯಲ್ಲಿ ಹಳೆ ರೆಡ್ ಆಕ್ಸೈಡ್ ನೆಲ. ಸೊಸೆ ಕೂಡ ಒಂದೇ ಮಾತಿಗೆ ಒಪ್ಪಿದಳು. 6 ಇಂಚಿನ ಚೌಕ, ಕೆಂಪು, ಹೊಳಪಿಲ್ಲದ್ದು. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಾಗಿದ್ದು ಅದಕ್ಕೇ.

ಹಾಕಿದ್ದು

ಹಳೆ ಎರಡು ಪದರ ಕಿತ್ತ ಮೇಲೆ ಸ್ಲ್ಯಾಬ್ ಮೇಲೆ ಗೋಂದಿನ ಕಲೆ ಉಳಿದಿತ್ತು. ಅದನ್ನು ಒದ್ದೆ ಮಾಡಿಕೊಂಡೇ ಕೆರೆದೆವು, ಒಣ ಗ್ರೈಂಡಿಂಗ್ ಮಾಡಲಿಲ್ಲ. ಕಾಂಕ್ರೀಟ್ ಧೂಳಿನ ಸಿಲಿಕಾ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಟೈಲ್ಸ್ ಕೊಯ್ದಿದ್ದೂ ನೀರು ಹಾಯುವ ಮೆಷಿನ್‌ನಲ್ಲಿ, ಮನೆಯ ಹೊರಗೆ. ಕೆರೆದಾದ ಮೇಲೆ ಅಲ್ಲಲ್ಲಿ ಒಂದೊಂದು ಹನಿ ನೀರು ಹಾಕಿ ನೋಡಿದೆ. ಹನಿ ಹೀರಿಕೊಂಡರೆ ಸಿಮೆಂಟ್ ಹಿಡಿಯುತ್ತೆ. ಮಣಿಯ ಹಾಗೆ ನಿಂತರೆ ಅಲ್ಲಿ ಇನ್ನೂ ಗೋಂದು ಇದೆ, ಮತ್ತೆ ಕೆರೆಯಬೇಕು.

ಜೋಡಣೆಯ ಲೆಕ್ಕ ಹಾಕುವಾಗ ಅವಳು ಮುಂದೆ ನಿಂತಳು, ಅವಳಿಗೆ ಇದರಲ್ಲಿ ಒಳ್ಳೆಯ ಕಣ್ಣಿದೆ. ಅಗಲ 52 ಇಂಚು. ಟೈಲ್ 6 ಇಂಚು, ಸಂದು ಕಾಲು ಇಂಚು. ಮಧ್ಯದಲ್ಲಿ ಸಂದು ಬರುವಂತೆ ಎಂಟು ಪೂರ್ತಿ ಟೈಲ್ಸ್ ಇಟ್ಟರೆ ಎರಡೂ ತುದಿಗೆ ಒಂದು ಇಂಚೂ ಇಲ್ಲದ ಚೂರು ಉಳಿಯುತ್ತೆ. ಕೊಯ್ಯೋದೂ ಕಷ್ಟ, ನೋಡೋಕೂ ಕೆಟ್ಟದು. ಮಧ್ಯದಲ್ಲಿ ಟೈಲ್ ಬರುವಂತೆ ಏಳು ಇಟ್ಟರೆ ತುದಿಗೆ ನಾಲ್ಕು ಇಂಚಿಗೆ ಹತ್ತಿರದ ತುಂಡು ಬರುತ್ತೆ. ಅರ್ಧ ಟೈಲ್ ಸರಿಸಿದ್ದಕ್ಕೆ ಇಷ್ಟು ವ್ಯತ್ಯಾಸ. ಆಳದಲ್ಲಿ ಮುಂದಿನ ಎರಡು ಸಾಲು ಪೂರ್ತಿ ಟೈಲ್ಸ್, ಕೊಯ್ದ 3 ಇಂಚಿನ ಸಾಲು ಹಿಂದೆ ಇಟ್ಟಿಗೆಯ ಪಕ್ಕಕ್ಕೆ. ಜನ ನಿಂತು ನೋಡುವ ಕಡೆ ಪೂರ್ತಿ ಟೈಲ್ ಇರಬೇಕು.

ಅಂಟಿಸಲು ಥಿನ್‌ಸೆಟ್ ಸಿಮೆಂಟ್. ಕ್ವಾರಿ ಟೈಲ್‌ನ ಬೆನ್ನಲ್ಲಿ ಏಣುಗಳಿರುತ್ತವೆ, ಅದಕ್ಕೇ ಅರ್ಧ ಇಂಚಿನ ಹಲ್ಲಿನ ಕರಣೆ ತೆಗೆದುಕೊಂಡೆವು. ಸ್ಲ್ಯಾಬ್ ಮೇಲೆ ಸಿಮೆಂಟ್ ಎಳೆಯುವಾಗ ಗೆರೆಗಳೆಲ್ಲ ಒಂದೇ ದಿಕ್ಕಿಗೆ ನೇರವಾಗಿರಬೇಕು. ಸುತ್ತಿ ಸುತ್ತಿ ಎಳೆದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತೆ. ಟೈಲ್ ಬೆನ್ನಿಗೂ ತೆಳುವಾಗಿ ಬಳಿದು, ಇಟ್ಟು, ಗೆರೆಗೆ ಅಡ್ಡಲಾಗಿ ಒಂದಿಷ್ಟು ಹಿಂದೆ ಮುಂದೆ ಒತ್ತಿದರೆ ಗೆರೆಗಳು ಕುಸಿದು ಪೂರ್ತಿ ಹರಡುತ್ತವೆ. ಮೊದಲನೇ ಟೈಲ್ ಇಟ್ಟ ತಕ್ಷಣ ಮತ್ತೆ ಎತ್ತಿ ಬೆನ್ನು ನೋಡಿದೆವು. ಒಣ ಜಾಗಕ್ಕೆ ನೂರಕ್ಕೆ 80 ಭಾಗ ತಾಗಿದರೆ ಸಾಕು ಅನ್ನೋದು ಲೆಕ್ಕ. ಸೌದೆ ಬೀಳುವ ಜಾಗಕ್ಕೆ ನನಗೆ ಅದು ಸಾಕು ಅನ್ನಿಸುವುದಿಲ್ಲ, ನೀರಿನ ಜಾಗಕ್ಕೆ ಹೇಳುವ 95 ಭಾಗವನ್ನೇ ಇಲ್ಲೂ ಹಿಡಿದೆವು.

ಸ್ಲ್ಯಾಬ್ ಮರದ ನೆಲದ ಕೆಳಹಲಗೆಯ ಮಟ್ಟಕ್ಕಿತ್ತು. ಮೇಲಿನ ಮರ ಮುಕ್ಕಾಲು ಇಂಚು. ಟೈಲ್ ಅರ್ಧ ಇಂಚು, ಒತ್ತಿದ ಮೇಲೆ ಸಿಮೆಂಟ್ ಕಾಲು ಇಂಚು. ಎರಡೂ ಸರಿಸಮ ಬಂದವು. ರಸಮಟ್ಟ ಇಟ್ಟು ಮರದ ಮೇಲಿಂದ ಟೈಲ್ ಮೇಲೆ ಸರಿಸಿದರೆ ಎಲ್ಲೂ ತಡೆಯಲಿಲ್ಲ. ಮಗು ಅಲ್ಲೇ ಅಂಬೆಗಾಲಿಡುತ್ತಲ್ಲ, ಎಡವುವ ಅಂಚು ಇಲ್ಲದಿರುವುದು ಒಳ್ಳೆಯದಾಯಿತು.

ಗ್ರೌಟ್ ಮಾಡುವಾಗ, ಅಂದರೆ ಟೈಲ್ಸ್ ನಡುವಿನ ಸಂದು ತುಂಬುವಾಗ, ಎರಡು ಕಡೆ ಗ್ರೌಟ್ ಹಾಕಲಿಲ್ಲ. ಮರದ ನೆಲಕ್ಕೆ ತಾಗುವ ಸುತ್ತಂಚು ಒಂದು, ಹಿಂದೆ ಫೈರ್‌ಬ್ರಿಕ್ ಮೆಟ್ಟಿಲಿಗೆ ತಾಗುವ ಸಂದು ಇನ್ನೊಂದು. ಅಲ್ಲಿ ಕಾಲು ಇಂಚು ಖಾಲಿ ಬಿಟ್ಟು ಸಿಲಿಕೋನ್ ತುಂಬಿದೆವು, ಹಿಂದಿನ ಸಂದಿಗೆ ಜಾಸ್ತಿ ಬಿಸಿ ತಾಳುವ ಬಗೆಯದು. ಹಳೆ ಟೈಲ್ಸ್ ಒಡೆದಿದ್ದೇ ಅಲ್ಲಿ ಜಾಗ ಬಿಡದೆ ಎರಡು ವಸ್ತುಗಳನ್ನು ಕಟ್ಟಿಹಾಕಿದ್ದಕ್ಕೆ. ಮರ ಬೇಸಿಗೆಯಲ್ಲಿ ಹಿಗ್ಗುತ್ತೆ, ಚಳಿಗಾಲದಲ್ಲಿ ಹೀಟರ್ ಗಾಳಿಗೆ ಕುಗ್ಗುತ್ತೆ. ಇಟ್ಟಿಗೆ ಬೆಂಕಿಗೆ ಹಿಗ್ಗುತ್ತೆ. ಆ ಚಲನೆಗೆ ಜಾಗ ಬಿಡಲೇಬೇಕು. ಈಗ ಇಟ್ಟಿಗೆ ಮೆಟ್ಟಿಲು ನಾಲ್ಕೂವರೆ ಇಂಚು ಮೇಲಿರುವುದರಿಂದ ಕೆಂಡವೂ ನೇರವಾಗಿ ಆ ಸಂದಿಗೆ ಬರುವುದಿಲ್ಲ. ಎಪಾಕ್ಸಿ ಗ್ರೌಟ್ ಹಾಕೋಣವಾ ಅಂತ ಸ್ನೇಹಿತ ಕೇಳಿದ್ದ, ಕಲೆ ಹಿಡಿಯಲ್ಲ ಅಂತ. ಬಿಸಿಯ ಹತ್ತಿರ ಅದು ಬೇಡ, ಮರಳು ಬೆರೆಸಿದ ಸಿಮೆಂಟ್ ಗ್ರೌಟೇ ಸರಿ.

ಥ್ಯಾಂಕ್ಸ್‌ಗಿವಿಂಗ್‌ಗೆ ಬೆಂಕಿ ಹೊತ್ತಲಿಲ್ಲ. ರಿಫ್ರ್ಯಾಕ್ಟರಿ ಗಾರೆಯೂ ಸಿಮೆಂಟೂ ಪೂರ್ತಿ ಒಣಗಲು ಸುಮಾರು ಒಂದು ತಿಂಗಳು ಬಿಟ್ಟೆವು. ಆಮೇಲೆ ಮೊದಲು ಪುಳ್ಳೆ ಕಡ್ಡಿಯ ಸಣ್ಣ ಬೆಂಕಿ, ಮಾರನೇ ಸಲ ಇನ್ನೊಂದಿಷ್ಟು, ಹೀಗೆ ಏರಿಸುತ್ತಾ ಹೋದೆವು. ಮೊದಲ ದಿನವೇ ಪುಳ್ಳೆ ಜೋಡಿಸಿ ಊದಿ ಹೊತ್ತಿಸಿದ್ದು ಅಮ್ಮ. ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು. ಬೂದಿಯ ವಿಷಯದಲ್ಲಿ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆರಿದ ಹಾಗೆ ಕಾಣುವ ಬೂದಿಯೊಳಗೆ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತೆ. ಮುಚ್ಚಳ ಇರುವ ತಗಡಿನ ಡಬ್ಬ ತಂದು, ಮನೆಯಿಂದ ದೂರ, ಮರದ ಡೆಕ್ ಮೇಲೆ ಅಲ್ಲದೆ ನೆಲದ ಮೇಲೆ ಇಡುವ ವ್ಯವಸ್ಥೆ ಆಯಿತು. ಹಾಲ್‌ನಲ್ಲೂ ಮಲಗುವ ಕೋಣೆಗಳ ಹತ್ತಿರವೂ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿಸಿದೆವು.

ಆ ಚಳಿಗಾಲ ಮುಗಿದ ಮೇಲೆ ಮತ್ತೆ ಹೋಗಿ ಕಾಯಿನ್ ಹಿಡಿದು ಬಡಿದೆ. ಎಲ್ಲ ಟೈಲ್ಸೂ ಟಕ್ ಅಂದವು. ಎಡ ತುದಿಯಲ್ಲಿ ಮರ ಕುಗ್ಗಿ ಸಿಲಿಕೋನ್ ಕೊಂಚ ಎಳೆದಿತ್ತು, ಬಿಟ್ಟುಕೊಂಡಿರಲಿಲ್ಲ. ಜಾಸ್ತಿ ಹೊತ್ತು ಬೆಂಕಿ ಉರಿದ ಸಂಜೆ ಬೇಸ್‌ಮೆಂಟ್‌ಗೆ ಇಳಿದು ಸ್ಲ್ಯಾಬಿನ ತಳಕ್ಕೆ ಕೈ ಇಟ್ಟರೆ ಬೆಚ್ಚಗಿರುತ್ತೆ ಅಷ್ಟೇ ಅಂತ ಸ್ನೇಹಿತ ಹೇಳಿದ. ಉಳಿದಿರುವುದು ಮ್ಯಾಂಟಲ್‌ನ ಸೀಸದ ಬಣ್ಣ. ಅದನ್ನು ತೆಗೆಯಲು ಸೀಸದ ಕೆಲಸಕ್ಕೆ ಸರ್ಟಿಫಿಕೇಟ್ ಇರುವವರನ್ನೇ ಕರೆಸುವುದು, ಆ ದಿನಗಳಲ್ಲಿ ಮಗುವನ್ನು ಕರೆದುಕೊಂಡು ಮನೆಯವರು ಬೇರೆ ಕಡೆ ಇರುವುದು ಅಂತ ನಿಶ್ಚಯವಾಗಿದೆ.